ಬೆರಳಿಗೆ ಬಾಯಿ ಬಂದಾಗ

ನಮ್ಮ ಬ್ಯಾಂಡಿನಲ್ಲಿ ಇರೋದು ನಾಲ್ಕು ಜನ. ಯಾರಾದರೂ ಒಂದು ಪೆಡಲ್ ಕೊಂಡರೆ ಐದು ಅಭಿಪ್ರಾಯ ಬರುತ್ತವೆ. ಅದು ಎನ್ವಲಪ್ ಫಿಲ್ಟರ್ ಆಗಿದ್ದರೆ ಆರು. ಯಾಕಂದ್ರೆ ಕೊಂಡವನೇ ಒಂದು ವಾರದೊಳಗೆ ತನ್ನ ಅಭಿಪ್ರಾಯ ಬದಲಾಯಿಸಿರ್ತಾನೆ.

ಈ ಸಲ ಕೊಂಡವನು ನಾನು. ವಾರದ ಐದು ದಿನ ಬೆಂಗಳೂರಿನಲ್ಲಿ ಕೋಡ್ ಬರೀತೀನಿ, ಶನಿವಾರ ಸಂಜೆ ಬೇಸ್ ಗಿಟಾರ್ ಬಾರಿಸ್ತೀನಿ. ಎರಡರಲ್ಲೂ ದೊಡ್ಡ ಪಂಡಿತ ಏನಲ್ಲ. ಊರು ಬನಹಟ್ಟಿ. ಕೊಂಡ ಪೆಡಲ್ಲಿನ ಹೆಸರು ಇಲ್ಲಿ ಬರೆಯೋದಿಲ್ಲ, ಯಾಕಂದ್ರೆ ಇದು ಜಾಹೀರಾತೂ ಅಲ್ಲ, ಗ್ರಾಹಕರ ದೂರೂ ಅಲ್ಲ. ಅಂಗೈಯಲ್ಲಿ ಹಿಡಿಸುವ ಡಬ್ಬಿ, ಮೇಲೆ ಮೂರ್ನಾಲ್ಕು ಗುಂಡಿ, ಕೆಳಗೆ ಕಾಲಿನಿಂದ ಒತ್ತೋ ಸ್ವಿಚ್ಚು. ಇಂಥವು ಈಗ ಹತ್ತಾರು ಕಂಪನಿಯವು ಸಿಗುತ್ತವೆ. ಅವುಗಳ ಬಗ್ಗೆ ಬಾರಿಸುವವರು ಏನೇನು ಹೇಳ್ತಾರೆ, ಅದರಲ್ಲಿ ಯಾವುದು ಸರಿ, ಯಾವುದು ಬರೀ ಗೊಣಗಾಟ ಅನ್ನೋದನ್ನ ನೋಡೋಣ ಅಂತ ಬರೆಯೋಕೆ ಕೂತೆ. ಕೊನೆಗೆ ಬರಹ ಪೆಡಲ್ ಬಿಟ್ಟು ಊರಿನ ಕಡೆ ಹೋಯ್ತು. ಅದೂ ಬರುತ್ತೆ, ಸ್ವಲ್ಪ ತಾಳಿ.

ಮೊದಲು, ಈ ಡಬ್ಬಿ ಮಾಡೋದೇನು? ಗಿಟಾರ್ ಮುಟ್ಟದವರಿಗೂ ಅರ್ಥ ಆಗಬೇಕಂದ್ರೆ ಒಂದು ಕೆಲಸ ಮಾಡಿ. ಬಾಯಿ ಸಣ್ಣಗೆ ಮಾಡಿ 'ಉ' ಅನ್ನಿ. ಉಸಿರು ಕಡಿಯದೆ, ಶ್ರುತಿ ಬದಲಿಸದೆ ನಿಧಾನಕ್ಕೆ 'ಆ' ತನಕ ಬನ್ನಿ. ಗಂಟಲಲ್ಲಿ ಹುಟ್ಟಿದ ಸ್ವರ ಅದೇ. ಬದಲಾಗಿದ್ದು ಬಾಯಿಯ ಆಕಾರ, ಅಂದ್ರೆ ಆ ಸ್ವರದೊಳಗಿನ ಯಾವ ಕಂಪನಗಳನ್ನ ಹೊರಗೆ ಬಿಡಬೇಕು, ಯಾವುದನ್ನ ತಡೀಬೇಕು ಅನ್ನೋ ಲೆಕ್ಕ. ಎಲೆಕ್ಟ್ರಾನಿಕ್ ಭಾಷೆಯಲ್ಲಿ ಇದೇ ಫಿಲ್ಟರ್. ವಾ-ವಾ ಪೆಡಲ್ಲಿನಲ್ಲಿ ಈ ಬಾಯಿ ತೆರೆಯೋದು ಮುಚ್ಚೋದು ನಿಮ್ಮ ಪಾದ. ಎನ್ವಲಪ್ ಫಿಲ್ಟರಿನಲ್ಲಿ ಪಾದಕ್ಕೆ ಕೆಲಸ ಇಲ್ಲ. ನೀವು ತಂತಿ ಎಷ್ಟು ಜೋರಾಗಿ ಮೀಟಿದಿರಿ ಅನ್ನೋದನ್ನ ಡಬ್ಬಿಯೇ ಅಳೆಯುತ್ತೆ. ಜೋರಾಗಿ ಮೀಟಿದರೆ ಬಾಯಿ ಪೂರ್ತಿ ತೆರೆಯುತ್ತೆ, 'ವ್ವಾವ್' ಅನ್ನುತ್ತೆ. ಮೆತ್ತಗೆ ಮೀಟಿದರೆ ತುಟಿ ಅಲುಗಿಸಿ ಸುಮ್ಮನಾಗುತ್ತೆ. ಎನ್ವಲಪ್ ಅಂದ್ರೆ ಇಲ್ಲಿ ಲಕೋಟೆ ಅಲ್ಲ. ಒಂದು ಸ್ವರ ಹುಟ್ಟಿ, ಏರಿ, ಇಳಿದು, ಸಾಯುವ ತನಕದ ಅದರ ಗಟ್ಟಿತನದ ರೇಖೆ.

ಇತಿಹಾಸ ದೊಡ್ಡದೇನಿಲ್ಲ. 1972ರಲ್ಲಿ ಅಮೆರಿಕದ ಮ್ಯೂಸಿಟ್ರಾನಿಕ್ಸ್ ಕಂಪನಿ ಮ್ಯೂ-ಟ್ರಾನ್ 3 ಅನ್ನೋ ಪೆಡಲ್ ಹೊರತಂದಿತು. ವಿನ್ಯಾಸ ಮೈಕ್ ಬೀಗಲ್ ಅವರದು. ಅದರೊಳಗಿನ ಉಪಾಯ ನನಗೆ ಬಹಳ ಇಷ್ಟ. ತಂತಿ ಮೀಟಿದ ಜೋರಿಗೆ ತಕ್ಕಂತೆ ಡಬ್ಬಿಯೊಳಗೆ ಒಂದು ಪುಟ್ಟ ದೀಪ ಪ್ರಖರ ಆಗುತ್ತೆ. ಪಕ್ಕದಲ್ಲೇ ಬೆಳಕಿಗೆ ಸ್ಪಂದಿಸೋ ಒಂದು ರೆಸಿಸ್ಟರ್. ಬೆಳಕು ಹೆಚ್ಚಾದಂತೆ ಅದರ ತಡೆ ಕಡಿಮೆ ಆಗುತ್ತೆ, ಫಿಲ್ಟರ್ ಸರಿಯುತ್ತೆ. 1973ರಲ್ಲಿ ಸ್ಟೀವಿ ವಂಡರ್ 'ಹೈಯರ್ ಗ್ರೌಂಡ್' ಹಾಡಿನಲ್ಲಿ ತಮ್ಮ ಕ್ಲಾವಿನೆಟ್ಟನ್ನ ಇದರ ಮೂಲಕವೇ ಹಾಯಿಸಿದರು. ಬೇಸ್ ಗಿಟಾರಿನಲ್ಲಿ ಬೂಟ್ಸಿ ಕಾಲಿನ್ಸ್, ಗಿಟಾರಿನಲ್ಲಿ ಜೆರ್ರಿ ಗಾರ್ಸಿಯಾ ಇದನ್ನ ತಮ್ಮ ಗುರುತೇ ಮಾಡಿಕೊಂಡರು. 1990ರ ದಶಕದಲ್ಲಿ ಅದೇ ಬೀಗಲ್, ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಗೆ ಕ್ಯೂ-ಟ್ರಾನ್ ಮಾಡಿಕೊಟ್ಟರು. ಆಮೇಲೆ ಬಂದದ್ದು ಮೈಕ್ರೋ ಕ್ಯೂ-ಟ್ರಾನ್, ಇನ್ನೂ ಆಮೇಲೆ ನ್ಯಾನೋ ಕ್ಯೂ-ಟ್ರಾನ್. ಹೆಸರಲ್ಲೇ ಗೊತ್ತಾಗುತ್ತಲ್ಲ, ಡಬ್ಬಿ ಕುಗ್ಗುತ್ತಾ ಬಂತು.

ಈಗ ಅಭಿಪ್ರಾಯಗಳಿಗೆ ಬರೋಣ.

ಎಲ್ಲರೂ ಹೇಳುವ ಮೊದಲನೇ ಮಾತು: ಇದು ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಒಂದು ಹಾಡಿಗೆ ಸರಿ, ಎರಡನೇ ಹಾಡಿಗೆ ಬೇಜಾರು, ಮೂರನೇ ಹಾಡಿಗೆ ಡ್ರಮ್ಮರ್ ಕೋಲು ಎಸೀತಾನೆ. ಇದರಲ್ಲಿ ಅರ್ಧ ಸತ್ಯ ಇದೆ. ಪ್ರತಿ ಸ್ವರಕ್ಕೂ 'ವ್ವಾವ್' ಅನ್ನೋ ವಾದ್ಯ ಕೇಳೋದು, ಪ್ರತಿ ವಾಕ್ಯದ ಕೊನೆಗೂ ಆಶ್ಚರ್ಯಸೂಚಕ ಚಿಹ್ನೆ ಹಾಕೋ ಮ್ಯಾನೇಜರ್ ಮೇಲ್ ಓದಿದ ಹಾಗೆ. ಆದರೆ ಪ್ರತಿ ಸ್ವರಕ್ಕೂ ಅದು 'ವ್ವಾವ್' ಅನ್ನುತ್ತಿದೆ ಅಂದ್ರೆ ಬಾರಿಸುವವನು ಪ್ರತಿ ಸ್ವರವನ್ನೂ ಒಂದೇ ಜೋರಿನಲ್ಲಿ ಮೀಟುತ್ತಿದ್ದಾನೆ ಅಂತಲೇ ಅರ್ಥ. ದಾಸ ಯಾರು ಅನ್ನೋದನ್ನ ಸ್ವಲ್ಪ ಯೋಚಿಸಬೇಕು.

ಎರಡನೆಯದು ಬೇಸ್ ಬಾರಿಸುವವರ ದೂರು: ತಳ ಹೋಗುತ್ತೆ. ಇದು ನೂರಕ್ಕೆ ನೂರು ಸರಿ. ಬೇಸಿನ ಅತಿ ತಗ್ಗಿನ ಇ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತೆ, ಗಿಟಾರಿನದು ಅದರ ಎರಡರಷ್ಟು, 82. ಗಿಟಾರಿಗೆ ಹಿತವಾಗಿರೋ ಬ್ಯಾಂಡ್‌ಪಾಸ್ ಮೋಡ್, ಬೇಸಿನ ಅಡಿಪಾಯವನ್ನೇ ಕಿತ್ತು ಆಚೆ ಇಡುತ್ತೆ. ನೀವು ಒಬ್ಬರೇ ರೂಮಿನಲ್ಲಿ ಬಾರಿಸುವಾಗ 'ಆಹಾ' ಅನ್ನಿಸುತ್ತೆ, ಬ್ಯಾಂಡಿನ ಜೊತೆ ಬಾರಿಸಿದರೆ ಬೇಸ್ ಎಲ್ಲಿ ಹೋಯ್ತು ಅಂತ ಹುಡುಕಬೇಕು. ಇದಕ್ಕೆ ಮದ್ದು ಎರಡು. ಲೋಪಾಸ್ ಮೋಡಿನಲ್ಲಿಡೋದು, ಇಲ್ಲಾ ಮೂಲ ಸದ್ದನ್ನ ಬೇರೆಯಾಗಿ ಬೆರೆಸೋಕೆ ಗುಂಡಿ ಇರೋ ಪೆಡಲ್ ಆರಿಸೋದು. ಎಂಎಕ್ಸ್‌ಆರ್ ಕಂಪನಿಯ ಎಂ82 ಬೇಸ್ ಎನ್ವಲಪ್ ಫಿಲ್ಟರಿನಲ್ಲಿ ಮೂಲ ಸದ್ದಿಗೊಂದು, ಎಫೆಕ್ಟಿಗೊಂದು ಬೇರೆ ಬೇರೆ ಗುಂಡಿ ಇಟ್ಟಿದ್ದೇ ಇದಕ್ಕೆ. ಡಬ್ಬಿ ಮೇಲೆ 'ಗಿಟಾರ್ ಮತ್ತು ಬೇಸ್' ಅಂತ ಬರೆದಿದ್ದ ಮಾತ್ರಕ್ಕೆ ಎರಡಕ್ಕೂ ಒಂದೇ ನ್ಯಾಯ ಸಿಗುತ್ತೆ ಅಂತ ನಂಬಬೇಡಿ.

ಮೂರನೆಯದು: ಅವನ ಗಿಟಾರಿನಲ್ಲಿ ಕೆಲಸ ಮಾಡುತ್ತೆ, ನನ್ನದರಲ್ಲಿ ಮಾಡಲ್ಲ. ಇದಕ್ಕೂ ಕಾರಣ ಇದೆ. ಬ್ಯಾಟರಿ ಹಾಕಿದ ಆ್ಯಕ್ಟಿವ್ ಬೇಸ್ ಜೋರಾದ ಸಿಗ್ನಲ್ ಕಳಿಸುತ್ತೆ, ಹಳೇ ಪ್ಯಾಸಿವ್ ಗಿಟಾರ್ ಮೆತ್ತಗಿನದು. ಸೆನ್ಸಿಟಿವಿಟಿ ಗುಂಡಿಯನ್ನ ಒಂದಕ್ಕೆ ಹೊಂದಿಸಿಟ್ಟರೆ ಇನ್ನೊಂದಕ್ಕೆ ಅದು ಕಿವುಡ ಅಥವಾ ಕಿರುಚುಬಾಯಿ. ಹಾಗಾಗಿ ಅಂತರ್ಜಾಲದಲ್ಲಿ ಯಾರೋ ಕೊಟ್ಟ ಸೆಟ್ಟಿಂಗ್ ನೋಡಿ ಗುಂಡಿ ತಿರುಗಿಸೋದು, ಬೇರೆಯವರ ಕನ್ನಡಕ ಹಾಕಿಕೊಂಡು ದಾರಿ ಹುಡುಕಿದ ಹಾಗೆ.

ನಾಲ್ಕನೆಯದು ಚಿಕ್ಕ ಡಬ್ಬಿಯ ಬಗ್ಗೆ. ಹಳೇ ಮ್ಯೂ-ಟ್ರಾನಿನಲ್ಲಿ ಫಿಲ್ಟರ್ ಮೇಲಕ್ಕೆ ಏರಬೇಕೋ ಕೆಳಗೆ ಇಳೀಬೇಕೋ ಅಂತ ಹೇಳೋ ಸ್ವಿಚ್ ಇತ್ತು, ವ್ಯಾಪ್ತಿ ಬದಲಿಸೋಕೆ ಇನ್ನೊಂದು ಇತ್ತು. ಚಿಕ್ಕದು ಮಾಡುವಾಗ ಇಂಥವು ಮೊದಲು ಬಲಿ ಆಗುತ್ತವೆ. ಕೆಳಮುಖ ಚಲನೆ ಬೇಕಾದವರಿಗೆ ಇದು ನಿಜವಾದ ನಷ್ಟ. ನನ್ನಂಥವರಿಗೆ ಅಲ್ಲ. ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲಿ ಬೇಸ್ ಇಟ್ಟು, ಉಳಿದದ್ದನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ತುರುಕೋನಿಗೆ ಡಬ್ಬಿ ಚಿಕ್ಕದಿದ್ದಷ್ಟೂ ಒಳ್ಳೇದು.

ಐದನೆಯದು ಅನುಭವಿಗಳ ಮಾತು: ಇದನ್ನ ಸಾಲಿನಲ್ಲಿ ಮೊದಲು ಇಡು, ಕಂಪ್ರೆಸರ್‌ಗಿಂತ ಮುಂಚೆ. ಕಂಪ್ರೆಸರ್ ಅಂದ್ರೆ ಜೋರಾದದ್ದನ್ನ ತಗ್ಗಿಸಿ, ಮೆತ್ತಗಿನದನ್ನ ಎತ್ತಿ, ಎಲ್ಲವನ್ನೂ ಹತ್ತಿರ ಹತ್ತಿರ ಒಂದೇ ಮಟ್ಟಕ್ಕೆ ತರೋ ಯಂತ್ರ. ಅದರಿಂದ ಹೊರಬಂದ ಸಿಗ್ನಲ್ಲನ್ನ ಎನ್ವಲಪ್ ಫಿಲ್ಟರಿಗೆ ಕೊಟ್ಟರೆ ಅಳೆಯೋಕೆ ಏರಿಳಿತ ಹೆಚ್ಚೇನೂ ಉಳಿದಿರೋದಿಲ್ಲ. ಬಾಯಿ ಒಂದೋ ತೆರೆದೇ ಇರುತ್ತೆ, ಇಲ್ಲಾ ಮುಚ್ಚೇ ಇರುತ್ತೆ. ಈ ಐದನೇ ಮಾತನ್ನ ನಾನು ವೈರಿಂಗ್ ಸಲಹೆ ಅಂತಷ್ಟೇ ತಗೊಂಡಿದ್ದೆ. ಅದು ಅಷ್ಟೇ ಅಲ್ಲ ಅಂತ ಗೊತ್ತಾಗಿದ್ದು ದೀಪಾವಳಿಗೆ ಊರಿಗೆ ಹೋದಾಗ.

ರಬಕವಿ-ಬನಹಟ್ಟಿ ನೋಡದವರಿಗೆ ಒಂದು ಮಾತು. ನಮ್ಮದು ನೇಕಾರರ ಊರು. ಬಸ್ಸಿಳಿದು ಓಣಿ ಹೊಕ್ಕರೆ ಮೊದಲು ಸಿಗೋದು ವಾಸನೆಯಲ್ಲ, ಮುಖಗಳಲ್ಲ, ಸಪ್ಪಳ. ಗೋಡೆಯಾಚೆ, ಅದರಾಚೆಯ ಗೋಡೆಯಾಚೆ, ವಿದ್ಯುತ್ ಮಗ್ಗಗಳು ಖಟಖಟ ಅಂತಲೇ ಇರ್ತವೆ. ಊರಲ್ಲೇ ಇರೋರಿಗೆ ಅದು ಕೇಳಿಸೋದಿಲ್ಲ, ಕರೆಂಟ್ ಹೋದಾಗ ಮಾತ್ರ 'ಏನೋ ಆತಲ್ಲ' ಅಂತ ತಲೆ ಎತ್ತತಾರ. ನಮ್ಮಜ್ಜನದು ಕೈಮಗ್ಗ. ಅಪ್ಪನ ಕಾಲಕ್ಕೆ ವಿದ್ಯುತ್ ಮಗ್ಗ ಬಂತು. ಕೈಮಗ್ಗದ ಸಪ್ಪಳ ಹೇಗಿತ್ತು ಅಂತ ಅಪ್ಪನನ್ನ ಕೇಳಿದರೆ ಬಾಯಲ್ಲಿ ಹೇಳೋದಿಲ್ಲ, ಮಂಚದ ಅಂಚಿನ ಮೇಲೆ ಬಡಿದು ತೋರಿಸ್ತಾರೆ. ಲಾಳಿ ಓಡಿದ್ದು, ಫಣಿ ಬಡಿದದ್ದು, ನಡುವೆ ಎಳೆ ಹರಿದು ನಿಂತದ್ದು, ಮಧ್ಯಾಹ್ನ ಊಟ ಆದಮೇಲೆ ಕೈ ಜಡವಾದದ್ದು, ಸಂತೆಯ ಹಿಂದಿನ ದಿನ ಅವಸರ ಆದದ್ದು. ಬಡಿತ ಕೇಳಿಯೇ ಯಾರ ಮನೆ ಮಗ್ಗ ಅಂತ ಹೇಳಬಹುದಿತ್ತಂತೆ.

ಆ ದಿನ ಮೇಲಿನ ರೂಮಿನಲ್ಲಿ ಕೂತು ಹೆಡ್‌ಫೋನ್ ಹಾಕಿ, ಪೆಡಲ್ ಜೋಡಿಸಿ ಬಾರಿಸ್ತಾ ಇದ್ದೆ. ಕೆಳಗೆ ಮಗ್ಗ ನಡೆದಿತ್ತು. ಗೊತ್ತಿಲ್ಲದೇ ಅದರ ಲಯಕ್ಕೇ ಬಾರಿಸತೊಡಗಿದೆ. ಹತ್ತು ನಿಮಿಷ ಆದಮೇಲೆ ಗಮನಿಸ್ತೀನಿ, ಪ್ರತಿ ಸ್ವರಕ್ಕೂ ಫಿಲ್ಟರ್ ಅಷ್ಟೇ ತೆರೀತಿದೆ, ಅಷ್ಟೇ ಮುಚ್ತಿದೆ. ಸರಿ, ಬೇಕಂತಲೇ ಒಂದು ಜೋರು ಒಂದು ಮೆತ್ತಗೆ ಬಾರಿಸೋಣ ಅಂತ ನೋಡಿದರೆ ಆಗ್ತಿಲ್ಲ. ಜೋರಿನ ಎರಡೇ ಮೆಟ್ಟಿಲು ನನ್ನ ಬೆರಳಿಗೆ ಗೊತ್ತು: ಇದೆ, ಇಲ್ಲ. ವರ್ಷಗಟ್ಟಲೆ ಮೆಟ್ರೋನೋಮ್ ಹಾಕಿಕೊಂಡು, ಕಂಪ್ರೆಸರ್ ಆನ್ ಮಾಡಿಕೊಂಡು, 'ಟೈಟ್ ಆಗಿರಬೇಕು' ಅಂತ ಕಲಿತದ್ದರ ಫಲ ಇದು. ಟೈಟ್ ಅಂತೂ ಆಗಿತ್ತು. ಅಜ್ಜನ ಮಗ್ಗ ಹೋಗಿ ಅಪ್ಪನ ಮಗ್ಗ ಬಂದ ಹಾಗೆ, ಬೆರಳೂ ಯಾವಾಗಲೋ ವಿದ್ಯುತ್ತಿಗೆ ಬದಲಾಗಿತ್ತು.

ಹಾಗಾಗಿ ಪೆಡಲ್ ಬಗ್ಗೆ ಬರೋ ದೂರುಗಳಲ್ಲಿ ಅರ್ಧ, ಪೆಡಲ್ಲಿನ ಬಗ್ಗೆ ಅಲ್ಲವೇ ಅಲ್ಲ. ಬೇರೆ ಪೆಡಲ್ಲುಗಳು ನಮ್ಮನ್ನ ಮುಚ್ಚಿಡುತ್ತವೆ. ಡಿಸ್ಟಾರ್ಷನ್ ಹಾಕಿದರೆ ಕೈ ತಪ್ಪಿದ್ದು ಕಾಣೋದಿಲ್ಲ, ರಿವರ್ಬ್ ಹಾಕಿದರೆ ಧೈರ್ಯ ಇಲ್ಲದ್ದು ಕಾಣೋದಿಲ್ಲ. ಇದೊಂದು ಡಬ್ಬಿ ಮಾತ್ರ ಕೈಯನ್ನ ಓದಿ ಎಲ್ಲರ ಮುಂದೆ ಜೋರಾಗಿ ಹೇಳುತ್ತೆ. ಅದಕ್ಕೇ ಇಷ್ಟು ಜನ ಅದನ್ನ ಕೊಂಡು, ಇಷ್ಟು ಬೇಗ ಮಾರೋದು.

ಇಲ್ಲಿಗೆ ನಿಲ್ಲಿಸಿದ್ದರೆ ಬರಹ ಚೊಕ್ಕ ಆಗ್ತಿತ್ತು. ಆದರೆ ಹೊರಗೆ ಟ್ರ್ಯಾಕ್ಟರ್ ಬಂತು.

ದೀಪಾವಳಿ ಅಂದ್ರೆ ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾಗೋ ಹೊತ್ತು. ಮುಧೋಳ, ಜಮಖಂಡಿ ಸುತ್ತ ಸಕ್ಕರೆ ಕಾರ್ಖಾನೆಗಳು, ಕೃಷ್ಣೆ ಮತ್ತು ಘಟಪ್ರಭೆ ಕುಡಿದು ಬೆಳೆದ ಕಬ್ಬು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳ ಸಾಲು. ಟ್ರ್ಯಾಕ್ಟರ್ ಅಂದಮೇಲೆ ಹಾಡು. ಅರ್ಧ ಕಿಲೋಮೀಟರ್ ದೂರದಿಂದಲೇ ಎದೆಗೆ ಗುದ್ದೋ ಜಾನಪದ ಡಿಜೆ ಹಾಡು. ಆ ಹಾಡುಗಳ ನಡುವೆ ಒಂದು ಪರಿಚಿತ ಸದ್ದು ಬರುತ್ತೆ, 'ಡ್ಯುಂವ್ ಡ್ಯುಂವ್' ಅಂತ. ಚೌಡಿಕೆ. ನಮ್ಮ ಬಾಯಲ್ಲಿ ಚೌಡಕಿ. ಕೀಬೋರ್ಡಿನಲ್ಲೋ ಪ್ಯಾಡಿನಲ್ಲೋ ಹಾಕಿಟ್ಟುಕೊಂಡ ಒಂದೇ ಒಂದು ಮೀಟು, ಅದೇ ಎತ್ತರ, ಅದೇ ಜೋರು, ಹಾಡಿನುದ್ದಕ್ಕೂ.

ಸುಮ್ಮನೆ ಕುತೂಹಲಕ್ಕೆ ಅಂಥ ಒಂದು ಹಾಡನ್ನ ಫೋನಿನಿಂದ ಪೆಡಲ್ಲಿಗೆ ಕೊಟ್ಟು ನೋಡಿದೆ. ಮೊದಲ ಬಡಿತಕ್ಕೆ ಫಿಲ್ಟರ್ ಬಾಯಿ ತೆರೀತು, ಆಮೇಲೆ ಹಾಡು ಮುಗಿಯೋ ತನಕ ಮುಚ್ಚಲೇ ಇಲ್ಲ. ದಂತವೈದ್ಯರ ಕುರ್ಚಿಯಲ್ಲಿ ಕೂತವರ ಹಾಗೆ. ಇಡೀ ಹಾಡನ್ನ ಕಂಪ್ರೆಸ್ ಮಾಡಿ ಗೋಡೆ ಕಟ್ಟಿದ್ದಾರೆ, ಅಳೆಯೋಕೆ ತಗ್ಗು-ದಿಬ್ಬ ಎಲ್ಲಿದೆ?

ಇಲ್ಲಿ ಮೂಗು ಮುರಿಯೋದು ಸುಲಭ. ಬೆಂಗಳೂರಿನ ನಮ್ಮಂಥವರು ಅದನ್ನೇ ಮಾಡೋದು. ನಾನು ಮುರಿಯೋದಿಲ್ಲ. ಆ ಹಾಡು ಇರೋದು ಟ್ರ್ಯಾಕ್ಟರಿಗೆ. ಇಂಜಿನ್ ಸದ್ದು, ಬಯಲು ಗಾಳಿ, ರಾತ್ರಿ ಎರಡು ಗಂಟೆಗೆ ಫ್ಯಾಕ್ಟರಿ ಮುಂದಿನ ಸಾಲಿನಲ್ಲಿ ನಿದ್ದೆಗೆಟ್ಟ ಡ್ರೈವರ್. ಅಲ್ಲಿ ಮೆತ್ತಗಿನ ಮೀಟು ಹಾಕಿದರೆ ಯಾರಿಗೆ ಕೇಳಬೇಕು? ಗೋಡೆಯಂಥ ಸದ್ದಿಗೆ ಅಲ್ಲಿ ಕೆಲಸ ಇದೆ. ನನ್ನ ತಕರಾರು ಬೇರೆ. ಮೂಲದ ಚೌಡಿಕೆ ಕೇಳದೆ, ಟ್ರ್ಯಾಕ್ಟರಿನ ಚೌಡಿಕೆಯೇ ಚೌಡಿಕೆ ಅಂದುಕೊಂಡು ಬೆಳೆದ ಕಿವಿ ನನ್ನದೂ ಹೌದಾ ಅನ್ನೋದು.

ಅದಕ್ಕೇ ಬೀಳಗಿ ಕಡೆಯ ಒಂದು ಊರಿಗೆ ಹೋದೆ. ಅಲ್ಲಿ ನಮ್ಮ ಬಳಗದವರಿಗೆ ಗೊತ್ತಿರೋ ಒಬ್ಬ ಹಿರಿಯ ಹೆಣ್ಣುಮಗಳು, ಮೊದಲು ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚೌಡಿಕೆ ಬಾರಿಸ್ತಾ ಹೋಗ್ತಿದ್ದವರು. ಈಗ ಹೋಗೋದಿಲ್ಲ. ವಾದ್ಯ ಒಳಮನೆಯ ಗೂಟಕ್ಕೆ ತೂಗುಬಿಟ್ಟಿತ್ತು. ಬಾರಿಸ್ತೀರಾ ಅಂದರೆ ಮೊದಲು ಬ್ಯಾಡ ಅಂದರು, ಆಮೇಲೆ ಇಳಿಸಿದರು.

ನೋಡದವರಿಗೆ ಹೇಳಬೇಕು. ಕಟ್ಟಿಗೆಯ ಒಂದು ಕೊಳಗದಂಥ ಪೊಳ್ಳು, ಒಂದು ಬದಿಗೆ ಚರ್ಮ. ಚರ್ಮದ ನಡುವಿನಿಂದ ಒಂದೇ ಒಂದು ತಂತಿ ಹೊರಟು, ಪೊಳ್ಳಿನ ಪಕ್ಕಕ್ಕೆ ಕಟ್ಟಿದ ಕೋಲಿನ ತುದಿಯ ಗೂಟಕ್ಕೆ ಹೋಗಿ ಸೇರುತ್ತೆ. ಕಂಕುಳಲ್ಲಿ ಅವುಚಿ ಹಿಡಿದು, ಒಂದು ಕೈಯ ಕಡ್ಡಿಯಿಂದ ಮೀಟೋದು, ಒತ್ತಡದಿಂದ ತಂತಿಯ ಬಿಗಿ ಹೆಚ್ಚು ಕಡಿಮೆ ಮಾಡೋದು. ಮೆಟ್ಟಿಲಿಲ್ಲ, ಸ್ವರಸ್ಥಾನದ ಗುರುತಿಲ್ಲ. ಗೀಗೀ ಪದದಲ್ಲಿ ಬರೋ ತುಂತುಣಿಯ ರಚನೆಯೂ ಹೆಚ್ಚೂಕಡಿಮೆ ಹೀಗೇ, ಆದರೆ ಅದು ಒಂದೇ ಶ್ರುತಿ ಹಿಡಿದು ಕೂರುತ್ತೆ. ಚೌಡಿಕೆ ಕೂರೋದಿಲ್ಲ, ಮಾತಾಡುತ್ತೆ.

ಅವರು ಬಾರಿಸಿದ್ದು ಐದೋ ಆರೋ ನಿಮಿಷ. ನನಗೆ ಕೇಳಿಸಿದ್ದು ಇಷ್ಟು. ಹಾಡು ಶುರುವಾಗೋ ಮುಂಚೆ ಮೀಟು ಜೋರು, ಅಂಗಳ ತುಂಬುವಷ್ಟು. ದನಿ ಎತ್ತಿದ ಕೂಡಲೇ ವಾದ್ಯ ಒಂದು ಹೆಜ್ಜೆ ಹಿಂದೆ ಸರೀತು, ಬರೀ 'ಗುಬ್ ಗುಬ್'. ಒಂದು ಸಾಲು ಮುಗಿದು ಉಸಿರು ತಗೊಳ್ಳೋ ಸಂದಿಯಲ್ಲಿ ಅದೇ ಮತ್ತೆ ಮೇಲೆದ್ದು ಪ್ರಶ್ನೆ ಕೇಳಿದ ಹಾಗೆ 'ಡ್ಯುಂವ್?' ಅಂತು. ದನಿ ನಡುಗಿದಲ್ಲಿ ತಂತಿಯೂ ಸಡಿಲ. ಎರಡು ಮೀಟು ಒಂದೇ ಥರ ಇರಲಿಲ್ಲ. ಟ್ರ್ಯಾಕ್ಟರಿನಲ್ಲಿ ನಾನು ಕೇಳಿದ್ದು ಈ ವಾದ್ಯದ ಒಂದು ಅಕ್ಷರ. ಇಲ್ಲಿ ಇದ್ದದ್ದು ಭಾಷೆ.

ಸಹಜವಾಗಿ ನನ್ನ ಕೈ ಫೋನಿಗೆ ಹೋಯ್ತು. ಬರೋ ದಾರಿಯಲ್ಲೇ ಲೆಕ್ಕ ಹಾಕಿಟ್ಟಿದ್ದೆ: ರೆಕಾರ್ಡ್ ಮಾಡಬೇಕು, ಪೆಡಲ್ಲಿಗೆ ಕೊಡಬೇಕು, ಸಾಧ್ಯ ಆದರೆ ನಮ್ಮ ಹೊಸ ಹಾಡಿನ ಮುನ್ನುಡಿಗೆ ಹಾಕಬೇಕು. ಕೇಳಿಯೇ ತಗೋಬೇಕು ಅಂತ ಕೇಳಿದೆ. ಅವರು ಏನೂ ಅನ್ನಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳು, ಆಸ್ಪತ್ರೆಯೊಂದರಲ್ಲಿ ನರ್ಸ್, ಬ್ಯಾಡ್ರಿ ಅಂದಳು. ನಾನು ಬರೀ ಸೌಂಡಿಗೆ ಅಷ್ಟೇ ಅಂದೆ. ಅವಳು ಹೇಳಿದ್ದು ಹೀಗೆ: "ನಿಮಗ ಇದು ಸೌಂಡು. ನಮಗ ಇದು ಅಡ್ರೆಸ್ಸು. ಇದರ ಸಪ್ಪಳ ಕೇಳಿದ್ರ ಸಾಕು, ನಾವ್ ಯಾರಂತ ಮಂದಿ ತಿಳಕೊಂತಿದ್ರು."

ಫೋನ್ ಒಳಗಿಟ್ಟೆ. ಅವರು ಚೌಡಿಕೆಯನ್ನ ಮತ್ತೆ ಗೂಟಕ್ಕೆ ತೂಗುಬಿಟ್ಟರು. ಚಹಾ ಬಂತು, ಮಳೆ ಬೆಳೆ ಮಾತಾಯ್ತು.

ಇದನ್ನ ಓದುವವರಲ್ಲಿ ಬಹಳ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳ್ತೀನಿ. ಚೌಡಿಕೆ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡವರ ಕೈಯಲ್ಲಿದ್ದ ವಾದ್ಯ. ದೇವರ ಹೆಸರಲ್ಲಿ ಹೆಣ್ಣುಮಕ್ಕಳನ್ನ ಬಿಡೋ ಪದ್ಧತಿಯನ್ನ ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಆ ಪದ್ಧತಿಯ ಹೊರೆ ಹೊತ್ತವರು ಹೆಚ್ಚಾಗಿ ದಲಿತ ಕುಟುಂಬಗಳವರು. ಹಾಗಾಗಿ 'ಅಯ್ಯೋ, ಚೌಡಿಕೆ ಬಾರಿಸೋರು ಕಡಿಮೆ ಆದರಲ್ಲ' ಅಂತ ಕಾಫಿ ಹೀರುತ್ತಾ ಮರುಗೋದಕ್ಕೆ ಮುಂಚೆ, ಕೆಲವು ಮನೆಗಳಲ್ಲಿ ಅದು ಗೂಟಕ್ಕೆ ಏರಿದ್ದೇ ಒಂದು ಗೆಲುವು ಅನ್ನೋದನ್ನೂ ನೆನಪಿಡಬೇಕು. ಹಾಗಂತ ವಾದ್ಯ ಸಾಯಲಿ ಅಂತಲೂ ಅಲ್ಲ. ಜೋಗತಿ ಕಲೆಯನ್ನೇ ಹಿಡಿದು ಬಂದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ವೇದಿಕೆ ಹತ್ತಿದ್ದು ತಮ್ಮ ಹೆಸರಿನಲ್ಲಿ, ತಮ್ಮ ಮುಖದ ಜೊತೆ. ನನ್ನ ಹಾಡಿನ ಮುನ್ನುಡಿಯಲ್ಲಿ ಆ ತಾಯಿ ಇರ್ತಿದ್ದದ್ದು ನಾಲ್ಕು ಸೆಕೆಂಡಿನ ಒಂದು ಫೈಲ್ ಆಗಿ. ಬಾರಿಸಬೇಕೋ ಬಿಡಬೇಕೋ, ಎಲ್ಲಿ, ಯಾರೆದುರು ಅಂತ ನಿರ್ಧರಿಸೋದು ಬಾರಿಸುವವರು. ನಾನಲ್ಲ.

ವಾಪಸ್ ಬರೋವಾಗ ಬಸ್ಸಿನಲ್ಲಿ ನನ್ನದೇ ಇನ್ನೊಂದು ತಪ್ಪು ಹೊಳೀತು. ಹೋಗುವಾಗ ನನ್ನ ತಲೆಯಲ್ಲಿದ್ದ ಶೀರ್ಷಿಕೆ 'ಚೌಡಿಕೆ: ನಮ್ಮೂರ ಎನ್ವಲಪ್ ಫಿಲ್ಟರ್' ಅಂತ. ಬ್ಲಾಗಿಗೆ ಚೆನ್ನಾಗಿರ್ತಿತ್ತು, ಶೇರ್ ಕೂಡ ಆಗ್ತಿತ್ತು. ಆದರೆ ಅದು ತಪ್ಪು. ಫಿಲ್ಟರಿನಲ್ಲಿ ಶ್ರುತಿ ಅಲುಗೋದಿಲ್ಲ, ಬಣ್ಣ ಬದಲಾಗುತ್ತೆ, ಅದೇ 'ಉ' ಇಂದ 'ಆ'. ಚೌಡಿಕೆಯಲ್ಲಿ ಮುಖ್ಯವಾಗಿ ಅಲುಗೋದೇ ಶ್ರುತಿ, ತಂತಿಯ ಬಿಗಿ ಬದಲಾದಂತೆ ಸ್ವರವೇ ಜಾರುತ್ತೆ. ತಬಲಾದ ಎಡಕ್ಕೆ ಅಂಗೈ ಬುಡ ಒತ್ತಿ ಜಾರಿಸ್ತಾರಲ್ಲ, ಅದು ಇದಕ್ಕೆ ಹತ್ತಿರದ ನೆಂಟ. ಪೆಡಲ್ ಅಲ್ಲ. ನಮ್ಮಲ್ಲಿ ಇದ್ದದ್ದೆಲ್ಲಾ ಪಶ್ಚಿಮದವರ ಯಾವುದೋ ಒಂದಕ್ಕೆ 'ದೇಸಿ ವರ್ಷನ್' ಅಂತ ಬರೆದುಬಿಡೋ ಚಟ ನನಗೂ ಇದೆ. ಬಿಡಬೇಕು.

ಎರಡಕ್ಕೂ ಸಮಾನವಾದದ್ದು ಒಂದೇ. ಎರಡರಲ್ಲೂ ಸದ್ದನ್ನ ನಿರ್ಧರಿಸೋದು ಆ ಕ್ಷಣದ ಕೈಯ ಜೋರು. ಗುಂಡಿ ತಿರುಗಿಸಿಟ್ಟು ಕೈ ಮರೆಯೋ ಹಾಗಿಲ್ಲ. ಇದನ್ನ ಒಪ್ಪಿಕೊಂಡರೆ ನಮ್ಮಂಥ ನಗರದ ಬ್ಯಾಂಡುಗಳಿಗೆ ಒಂದು ಪಾಠ ಇದೆ. 'ಮಣ್ಣಿನ ವಾಸನೆ' ಬೇಕು ಅಂತ ಜಾನಪದ ವಾದ್ಯಗಳ ಸ್ಯಾಂಪಲ್ ಪ್ಯಾಕ್ ಕೊಂಡು ಹಾಡಿನ ಮೇಲೆ ಉದುರಿಸೋದು ಈಗ ರೂಢಿ. ಕೊತ್ತಂಬರಿ ಸೊಪ್ಪಿನ ಹಾಗೆ. ಅಲ್ಲಿ ಕದ್ದದ್ದು ಯಾರದು ಅನ್ನೋ ಪ್ರಶ್ನೆ ಒಂದು ಕಡೆ ಇರಲಿ, ಕದ್ದದ್ದಾದರೂ ಏನು? ಕೈ ಅಲ್ಲ, ಒಂದು ಮೀಟಿನ ಹೆಣ. ಆ ಅಂಗಳದಲ್ಲಿ ನಾನು ಕಲಿಯೋಕೆ ಇದ್ದದ್ದು ಸದ್ದಲ್ಲ, ಹಾಡು ಬಂದಾಗ ಹಿಂದೆ ಸರಿಯೋ ಆ ಹೆಜ್ಜೆ. ಅದಕ್ಕೆ ಯಾರ ಫೈಲೂ ಬೇಡ, ಯಾರ ಅಡ್ರೆಸ್ಸೂ ಬೇಡ. ನನ್ನ ಬೇಸಿನ ಮೇಲೇ ಕಲೀಬಹುದು.

ಸರಿ, ವಿಮರ್ಶೆ ಅಂದಮೇಲೆ ತೀರ್ಪು ಬೇಕಲ್ಲ.

ಚಿಕ್ಕ ಎನ್ವಲಪ್ ಫಿಲ್ಟರ್ ಕೊಳ್ಳಬೇಕಾ? ಹಾಡಿಗೊಂದು ವಿಶೇಷ ಸದ್ದು ಬೇಕು ಅಂತ ಮಾತ್ರ ಇದ್ದರೆ ಬೇಡ. ಮಲ್ಟಿ ಎಫೆಕ್ಟ್ ಡಬ್ಬಿಯಲ್ಲೋ ಲ್ಯಾಪ್‌ಟಾಪಿನ ಪ್ಲಗಿನ್ನಿನಲ್ಲೋ ಅದು ಸಿಗುತ್ತೆ, ಎರಡು ಹಾಡಿಗೆ ಸಾಕು. ನಿಮ್ಮ ಕೈಯ ಬಗ್ಗೆ ಅನುಮಾನ ಇದ್ದರೆ ಖಂಡಿತ ಕೊಳ್ಳಿ. ಬೇಸಿಗಾದರೆ ಮೂಲ ಸದ್ದು ಬೆರೆಸೋ ಗುಂಡಿ ಇದೆಯಾ ಅಂತ ಮೊದಲು ನೋಡಿ, ಇಲ್ಲದಿದ್ದರೆ ಲೋಪಾಸ್ ಮೋಡಿನಲ್ಲೇ ಇರಿ. ಕ್ಯೂ ಅನ್ನೋ ಗುಂಡಿ ಹೆಚ್ಚಿಸಿದಷ್ಟೂ 'ವ್ವಾವ್' ಚೂಪಾಗುತ್ತೆ, ಕೆಲವು ಸ್ವರ ದಿಢೀರ್ ಅಂತ ಜೋರಾಗಿ ಪಕ್ಕದವರ ಕಿವಿ ಕೊರೀತವೆ. ಹಾಗಾಗಿ ಅರ್ಧಕ್ಕಿಂತ ಕೆಳಗಿರಲಿ. ಸೆನ್ಸಿಟಿವಿಟಿಯನ್ನ ನಿಮ್ಮ ಅತಿ ಜೋರಿನ ಮೀಟಿಗೆ ಮಾತ್ರ ಪೂರ್ತಿ ತೆರೆಯೋ ಹಾಗೆ ಇಡಿ, ಮಾಮೂಲಿ ಮೀಟಿಗೆ ಅರ್ಧ ಸಾಕು. ಕಂಪ್ರೆಸರ್ ಇದ್ದರೆ ಅದಕ್ಕಿಂತ ಮುಂಚೆ ಜೋಡಿಸಿ. ಮೊದಲ ತಿಂಗಳು ಕಂಪ್ರೆಸರನ್ನ ಬ್ಯಾಗಿನಿಂದ ತೆಗೀದೇ ಇದ್ದರೆ ಇನ್ನೂ ಒಳ್ಳೇದು.

ಮತ್ತೆ ಒಂದು ಅಭ್ಯಾಸ. ಒಂದೇ ಸ್ವರ ಹಿಡಿದು ಎಂಟು ಸಲ ಮೀಟಿ, ಪ್ರತಿ ಸಲಕ್ಕೂ ಬಾಯಿ ಹಿಂದಿನದಕ್ಕಿಂತ ಒಂಚೂರು ಹೆಚ್ಚು ತೆರೀಬೇಕು. ಆಮೇಲೆ ಅದೇ ಎಂಟು ಸಲ ಇಳಿದು ಬನ್ನಿ. ಕೇಳೋಕೆ ಎಲ್‌ಕೆಜಿ ಪಾಠ. ಹದಿನೈದು ದಿನ ಆದರೂ ನನಗೆ ಐದನೇ ಮೆಟ್ಟಿಲಿಗಿಂತ ಮುಂದೆ ಹೋಗೋಕೆ ಆಗಿಲ್ಲ.

ಹೋದ ಶನಿವಾರ ರಿಹರ್ಸಲ್‌ನಲ್ಲಿ ಒಂದು ಹಾಡಿಗೆ ಪೆಡಲ್ ಹಾಕಿದೆ. ಹಾಡುವವಳು ದನಿ ಎತ್ತಿದಾಗ ಬೆರಳು ಹಗುರ ಮಾಡಿದೆ, ಫಿಲ್ಟರ್ ಮುಚ್ಚಿಕೊಳ್ತು, ಬರೀ 'ಗುಬ್ ಗುಬ್'. ಅವಳು ಉಸಿರು ತಗೊಳ್ಳೋ ಸಂದಿಯಲ್ಲಿ ಒಂದೇ ಒಂದು ಮೀಟು ಜೋರಾಗಿ. ಹಾಡು ಮುಗಿದಮೇಲೆ ಡ್ರಮ್ಮರ್ ಕೇಳಿದ, ಆ ಪೆಡಲ್ ಮಾರಿಬಿಟ್ಟೆಯಾ, ಇವತ್ತು ಕೇಳಲೇ ಇಲ್ಲವಲ್ಲ ಅಂತ.

ಮಾರಿಲ್ಲ ಅಂದೆ. ಅಭಿಪ್ರಾಯ ಬದಲಾಗಿದೆ ಅಷ್ಟೇ.